ಪೆಟ್ರೋಲ್ ಟ್ಯಾಂಕ್ ತೆಗೆದ ಗುಂಡಿಯ ಮಣ್ಣು: ಅಗೆದು ಸಾಗಿಸಬೇಕೇ, ಇದ್ದಲ್ಲೇ ಶುದ್ಧಗೊಳಿಸಬಹುದೇ?

ಪ್ರಶ್ನೆ: ಹಳೇಬಂಕ್

ಎಲ್ಲರಿಗೂ ನಮಸ್ಕಾರ.

ಹಿಂದೆ ಪೆಟ್ರೋಲ್ ಬಂಕ್ ಇದ್ದ ನಿವೇಶನವೊಂದನ್ನು ನಾನು ಮತ್ತು ನನ್ನ ಅಣ್ಣ ಸೇರಿ ಕೊಂಡಿದ್ದೇವೆ. ಬಂಕ್ ಮುಚ್ಚಿ ಹತ್ತು ವರ್ಷಕ್ಕೂ ಮೇಲಾಗಿದ್ದರಿಂದ ನೆಲದೊಳಗೆ ಹೆಚ್ಚೇನೂ ಉಳಿದಿರಲಾರದು ಎಂದು ನಂಬಿದ್ದೆವು. ಕಳೆದ ತಿಂಗಳು ನೆಲದಡಿಯ ಎರಡು ಉಕ್ಕಿನ ಟ್ಯಾಂಕ್‌ಗಳನ್ನು ಹೊರತೆಗೆಸಿದಾಗ, ಅವುಗಳಲ್ಲಿ ಒಂದರ ತುದಿಯ ಕೆಳಗಿನ ಮಣ್ಣು ಬೂದು ಮಿಶ್ರಿತ ಹಸಿರು ಬಣ್ಣಕ್ಕೆ ತಿರುಗಿದ್ದುದು ಕಂಡಿತು. ಪೆಟ್ರೋಲ್ ವಾಸನೆಯಂತೂ ಗುಂಡಿಯ ಅಂಚಿನಲ್ಲಿ ನಿಂತವರ ಮೂಗಿಗೂ ರಾಚುತ್ತಿತ್ತು. ಟ್ಯಾಂಕಿನ ತಳ ಸುಮಾರು ಮೂರೂವರೆ ಮೀಟರ್ ಆಳದಲ್ಲಿತ್ತು. ಈಗ ಗುಂಡಿಯನ್ನು 4 ಮೀಟರ್‌ವರೆಗೆ ಅಗೆದಿದ್ದೇವೆ. ಮೇಲೆ ತೆಗೆದ ಮಣ್ಣು 150 ಘನ ಮೀಟರ್‌ನಷ್ಟಿದ್ದು, ನಿವೇಶನದ ಮೂಲೆಯಲ್ಲಿ ರಾಶಿಯಾಗಿ ಬಿದ್ದಿದೆ.

ಮಣ್ಣು ಬಹುಪಾಲು ಮರಳು ಮಿಶ್ರಿತವಾದದ್ದು. ಗುಂಡಿಯ ಒಂದು ಪಕ್ಕದಲ್ಲಿ ಸುಮಾರು 5 ಮೀಟರ್ ಆಳದಲ್ಲಿ ಒಂದಡಿ ದಪ್ಪದ ಜೇಡಿಮಣ್ಣಿನ ಪದರವಿದೆ ಎಂದು ಬೋರು ಹಾಕಿದವರು ಹೇಳಿದ್ದಾರೆ. ಅಂತರ್ಜಲದ ಮಟ್ಟ ಬೇಸಿಗೆಯಲ್ಲಿ 6.5 ಮೀಟರ್, ಮಳೆಗಾಲದಲ್ಲಿ 5.2 ಮೀಟರ್. ನೆರೆಮನೆಯವರ ಕುಡಿಯುವ ನೀರಿನ ಬಾವಿ 60 ಮೀಟರ್ ದೂರದಲ್ಲಿದೆ. ನಾವು ಕಟ್ಟಬೇಕೆಂದಿರುವ ಮನೆಗೆ 3 ಮೀಟರ್ ಆಳದ ನೆಲಮಾಳಿಗೆಯೂ ಇದೆ.

ಈಗ ಮೂವರು ಮೂರು ಬಗೆಯ ಸಲಹೆ ಕೊಟ್ಟಿದ್ದಾರೆ. ಗುತ್ತಿಗೆದಾರರು, ವಾಸನೆ ನಿಲ್ಲುವ ತನಕ ಅಗೆದು, ಮಣ್ಣನ್ನು ಬಿಸಿಲಿಗೆ ಹರಡಿ, ಕೆಲವು ದಿನ ಬಿಟ್ಟು ಅದೇ ಮಣ್ಣನ್ನು ಗುಂಡಿಗೆ ತುಂಬಿದರೆ ಸಾಕು ಎನ್ನುತ್ತಾರೆ. ಒಬ್ಬ ಸಲಹೆಗಾರರು ಕೊಳವೆಗಳನ್ನಿಳಿಸಿ ಆವಿ ಹೀರಬೇಕು ಎನ್ನುತ್ತಾರೆ. ಮೂರನೆಯವರು, ಹಾಗೇ ಬಿಟ್ಟರೆ ಮಣ್ಣಿನ ಬ್ಯಾಕ್ಟೀರಿಯಾಗಳೇ ಎಲ್ಲವನ್ನೂ ತಿಂದು ಮುಗಿಸುತ್ತವೆ ಎನ್ನುತ್ತಾರೆ. ಮೂವರೂ ಅನುಭವಸ್ಥರೇ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸುವ ಮೊದಲು ಏನನ್ನು ತಿಳಿದಿರಬೇಕು ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಮಣ್ಣಿನಾಳ

ತಾವು ಕೇಳಿರುವ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಸಿಗದೆ ಮೊದಲನೆಯದಕ್ಕೆ ಉತ್ತರವಿಲ್ಲ. ಮೂವರು ಸಲಹೆಗಾರರೂ ಪೆಟ್ರೋಲ್ ಗುಂಡಿಯಲ್ಲೇ ಇದೆ ಎಂದು ಭಾವಿಸಿಕೊಂಡು ಮಾತನಾಡಿದ್ದಾರೆ. ಅದು ಎಲ್ಲಿದೆ ಎಂಬುದನ್ನು ಯಾರೂ ಅಳೆದಿಲ್ಲ.

ನೆಲಕ್ಕೆ ಸೋರಿದ ಪೆಟ್ರೋಲ್ ಒಂದೇ ರೂಪದಲ್ಲಿ ಉಳಿಯುವುದಿಲ್ಲ. ಒಂದು ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡು, ಅವುಗಳ ನಡುವಿನ ಸಂದುಗಳಲ್ಲಿ ಹನಿಹನಿಯಾಗಿ ಸಿಕ್ಕಿಬೀಳುತ್ತದೆ. ಒಂದು ಪಾಲು ಆವಿಯಾಗಿ ಮಣ್ಣಿನೊಳಗಿನ ಗಾಳಿಯನ್ನು ಸೇರುತ್ತದೆ. ಒಂದು ಪಾಲು, ಮುಖ್ಯವಾಗಿ ಬೆಂಜೀನ್, ಟಾಲ್ಯೂಯಿನ್‌ನಂಥ ಘಟಕಗಳು, ನೀರಿನಲ್ಲಿ ಕರಗಿ ಅಂತರ್ಜಲದೊಂದಿಗೆ ಹರಿಯತೊಡಗುತ್ತವೆ. ಸೋರಿಕೆ ದೊಡ್ಡದಾಗಿದ್ದರೆ ಮಿಕ್ಕದ್ದು ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ, ಏಕೆಂದರೆ ಪೆಟ್ರೋಲಿನ ಸಾಂದ್ರತೆ ನೀರಿನದರ ಮುಕ್ಕಾಲು ಭಾಗದಷ್ಟೇ. ತಮ್ಮಲ್ಲಿ ನೀರಿನ ಮಟ್ಟ ವರ್ಷಕ್ಕೊಮ್ಮೆ 1.3 ಮೀಟರ್‌ನಷ್ಟು ಏರಿಳಿಯುತ್ತದೆ. ತೇಲುವ ಪೆಟ್ರೋಲ್ ನೀರಿನ ಜೊತೆಯಲ್ಲೇ ಏರಿ, ಇಳಿದು, ಆ ಇಡೀ ಅಂತರದ ಮಣ್ಣಿಗೆ ತನ್ನನ್ನು ಬಳಿದುಕೊಂಡಿರುತ್ತದೆ. ಆಮೇಲೆ ತೇಲುವ ಪದರವೇ ಕಾಣದಿದ್ದರೂ, ಹಾಗೆ ಬಳಿದುಕೊಂಡ ವಲಯ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬೆಂಜೀನನ್ನು ನೀರಿಗೆ ಬಿಡುತ್ತಲೇ ಇರುತ್ತದೆ. 4 ಮೀಟರ್ ಆಳದ ಗುಂಡಿಯಲ್ಲಿ ನಿಂತು ನೋಡಿದವರಿಗೆ ಇದು ಕಾಣುವುದಿಲ್ಲ.

ತಮ್ಮ ವಿವರಣೆಯಲ್ಲಿ ನನ್ನ ಗಮನ ಸೆಳೆದದ್ದು ಆ ಜೇಡಿ ಪದರ. ಮರಳಿನಲ್ಲಿ ನೇರ ಕೆಳಗಿಳಿಯುವ ಪೆಟ್ರೋಲ್ ಜೇಡಿಯನ್ನು ಮುಟ್ಟಿದ ಕೂಡಲೇ ಅಡ್ಡಕ್ಕೆ ತಿರುಗುತ್ತದೆ. ಪದರ ಕೊಂಚ ಓರೆಯಾಗಿದ್ದರೂ ಸಾಕು, ಅದರ ಮೇಲೆ ಜಾರಿ, ಪದರ ಮುಗಿಯುವಲ್ಲಿ ಮತ್ತೆ ಕೆಳಗೆ ಇಳಿಯುತ್ತದೆ. ಆದ್ದರಿಂದ ಅತಿ ಹೆಚ್ಚು ಮಲಿನವಾದ ಮಣ್ಣು ಟ್ಯಾಂಕಿನ ಅಡಿಯಲ್ಲಿರದೆ ಐದಾರು ಮೀಟರ್ ಆಚೆ ಇರುವುದು ಅಪರೂಪವೇನಲ್ಲ.

ಪರೀಕ್ಷೆಯ ಬಗ್ಗೆ ಎರಡು ಮಾತು. ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಆವಿಮಾಪಕದಿಂದ ಓದುವ ಕ್ರಮ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಸ್ಥಳದಲ್ಲೇ ಅಂದಾಜಿಸುವುದಕ್ಕಷ್ಟೇ ಸರಿ. ತೇವಾಂಶ ಹೆಚ್ಚಿದ್ದರೆ ಆ ಯಂತ್ರ ತಪ್ಪು ಹೇಳುತ್ತದೆ, ಬೆಂಜೀನ್ ಎಷ್ಟು, ಬೇರೆಯದೆಷ್ಟು ಎಂದು ಬಿಡಿಸಿ ಹೇಳುವುದೂ ಇಲ್ಲ. ಪ್ರಯೋಗಾಲಯಕ್ಕೆ ಕಳಿಸುವ ಮಾದರಿಯನ್ನು ಆಗತಾನೆ ಅಗೆದ ಮುಖದಿಂದ, ಹೆಚ್ಚು ಕಲಕದೆ ತೆಗೆದು, ಮೆಥನಾಲ್ ಇರುವ ಸೀಸೆಗೆ ನೇರವಾಗಿ ಹಾಕಿ, 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಿನಲ್ಲಿಟ್ಟು, 14 ದಿನಗಳೊಳಗೆ ಪರೀಕ್ಷಿಸಬೇಕು. ಸಲಿಕೆಯಿಂದ ತೋಡಿ, ಡಬ್ಬಿಗೆ ತುಂಬಿ, ಬಿಸಿಲಲ್ಲಿ ನಿಂತ ವಾಹನದಲ್ಲಿ ಇಟ್ಟು ಮರುದಿನ ಕೊಟ್ಟರೆ, ವರದಿಯಲ್ಲಿ ಮಣ್ಣು ಚೊಕ್ಕಟವಾಗಿಯೇ ಕಾಣುತ್ತದೆ. ಅಳೆಯಬೇಕಾದದ್ದು ಅಷ್ಟರಲ್ಲಿ ಹಾರಿಹೋಗಿರುತ್ತದೆ. ಮಾದರಿಗಳನ್ನು ಟ್ಯಾಂಕಿನ ಎರಡೂ ತುದಿಗಳ ಕೆಳಗಿನಿಂದ, ಗುಂಡಿಯ ನಾಲ್ಕೂ ಗೋಡೆಗಳಿಂದ, ಇಂಧನ ತುಂಬುವ ಪೈಪಿನ ಬುಡದಿಂದ, ಟ್ಯಾಂಕಿನಿಂದ ಪಂಪುಗಳವರೆಗೆ ಹೋಗಿದ್ದ ಕೊಳವೆಯ ಹಾದಿಯಿಂದ, ಅದರಲ್ಲೂ ಕೊಳವೆಯ ಕೀಲುಗಳ ಅಡಿಯಿಂದ ತೆಗೆಯಬೇಕು. ಬಂಕ್ ಸೀಸಯುಕ್ತ ಪೆಟ್ರೋಲ್ ಮಾರಾಟವಾಗುತ್ತಿದ್ದ ಕಾಲದ್ದಾದರೆ ಸೀಸದ ಜೊತೆಗೆ ಡೈಬ್ರೋಮೋಈಥೇನ್ ಮತ್ತು ಡೈಕ್ಲೋರೋಈಥೇನ್‌ಗಳನ್ನೂ ಪರೀಕ್ಷಿಸಲು ಹೇಳಿ. ಎಂಜಿನ್ನಿನಲ್ಲಿ ಸೀಸ ಕಟ್ಟಿಕೊಳ್ಳದಿರಲೆಂದು ಇವನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರು. ಇವು ನೀರಿನಲ್ಲಿ ಬೆಂಜೀನ್‌ಗಿಂತ ಮೊಂಡು.

ಇನ್ನು ಬಿಸಿಲಿಗೆ ಹರಡುವ ಉಪಾಯ. ಆವಿಯಾಗುವ ಪಾಲು ಆವಿಯಾಗುತ್ತದೆ ಎಂಬುದು ನಿಜ. ಆದರೆ ಅದು ನೆಲದ ಕೊಳೆಯನ್ನು ಗಾಳಿಗೆ ವರ್ಗಾಯಿಸಿದಂತೆ ಅಷ್ಟೇ, ಹಾಗೂ ಆ ಗಾಳಿಯನ್ನು ಮೊದಲು ಉಸಿರಾಡುವವರು ಮಣ್ಣು ಹರಡುವ ಕೆಲಸಗಾರರು. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುವ ವಸ್ತುವೆಂದು ಸಾಬೀತಾಗಿದೆ. ನೀರು ಕೆಡಲು ಅದು ಎಷ್ಟು ಕಡಿಮೆ ಸಾಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಶೇಕಡಾ 1ರಷ್ಟು ಬೆಂಜೀನ್ ಇರುವ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 7 ಗ್ರಾಂ ಬೆಂಜೀನ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿಯನ್ನು ಹಿಡಿದರೂ, ಅಷ್ಟು ಬೆಂಜೀನ್ ಏಳು ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರುತ್ತದೆ.

ಉತ್ತರ: ಎರಡುಸಲಅಗೆದವ

ಮೇಲಿನವರು ಹೇಳಿರುವ ಕೊಳವೆಯ ವಿಷಯವನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ನಾನು ತಜ್ಞನಲ್ಲ, ಇಂಥದೇ ಜಾಗವೊಂದನ್ನು ಎರಡು ಸಲ ಅಗೆಸಿದವನು.

ನಮ್ಮ ಗುತ್ತಿಗೆದಾರರೂ ವಾಸನೆ ನಿಲ್ಲುವ ತನಕ ಅಗೆದರು. ಇಡೀ ದಿನ ಆ ಗುಂಡಿಯ ಬಳಿ ನಿಂತವರ ಮೂಗು ಸಂಜೆಯ ಹೊತ್ತಿಗೆ ಏನನ್ನೂ ಹೇಳುವ ಸ್ಥಿತಿಯಲ್ಲಿರುವುದಿಲ್ಲ ಎಂಬುದು ಆಗ ನಮಗೆ ಹೊಳೆಯಲಿಲ್ಲ. ಗೋಡೆಗಳ ಮಾದರಿಯನ್ನು ತೆಗೆಯಲಿಲ್ಲ, ತಳದಿಂದ ಒಂದನ್ನು ಮಾತ್ರ ತೆಗೆದರು. ಹರಡಿ ಒಣಗಿಸಿದ ಮಣ್ಣನ್ನೇ ತುಂಬಿ, ದಮ್ಮಸ್ಸು ಮಾಡಿ, ಕೈ ತೊಳೆದುಕೊಂಡರು. ಎರಡು ಮಳೆಗಾಲ ಕಳೆದ ಮೇಲೆ ನಮ್ಮದೇ ಬಾವಿಯ ನೀರಿನಲ್ಲಿ ವಾಸನೆ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಆಮೇಲೆ ಏಳು ಕಡೆ ಬೋರು ಹಾಕಿಸಿ ನೋಡಿದರೆ, ಟ್ಯಾಂಕ್ ಎಂದೂ ಸೋರಿರಲೇ ಇಲ್ಲ. ಸೋರಿದ್ದು ಟ್ಯಾಂಕಿನಿಂದ ಪಂಪಿಗೆ ಹೋಗುವ ಕೊಳವೆಯ ಒಂದು ಕೀಲು. ನಾವು ಮೊದಲ ಸಲ ಅಗೆದು ಒಣಗಿಸಿದ ಮಣ್ಣಿನಲ್ಲಿ ಬಹುಪಾಲು ಒಳ್ಳೆಯ ಮಣ್ಣೇ ಆಗಿತ್ತು.

ಅಗೆಯುವ ಲೆಕ್ಕದಲ್ಲಿ ಯಾರೂ ಮೊದಲೇ ಹೇಳದ ಸಂಗತಿ ಇನ್ನೊಂದಿದೆ. ಮರಳು ನೆಲದಲ್ಲಿ ನೆಟ್ಟಗೆ ಗೋಡೆ ನಿಲ್ಲಿಸಲು ಆಗುವುದಿಲ್ಲವಾದ್ದರಿಂದ ಇಳಿಜಾರು ಮಾಡಿಕೊಂಡೇ ಇಳಿಯಬೇಕು. ಒಂದು ಮೀಟರ್ ಹೆಚ್ಚು ಆಳಕ್ಕೆ ಹೋಗಬೇಕಾದರೆ ಮೇಲಿನ ಬಾಯಿ ಸುತ್ತಲೂ ಅದಕ್ಕಿಂತ ಹೆಚ್ಚು ಅಗಲವಾಗುತ್ತದೆ. ನೆಲದಲ್ಲಿದ್ದಾಗ 100 ಘನ ಮೀಟರ್ ಇದ್ದ ಮಣ್ಣು ಮೇಲೆ ಬಂದು ಸಡಿಲವಾದಾಗ ಇನ್ನಷ್ಟು ಉಬ್ಬುತ್ತದೆ. ಕಾಗದದ ಮೇಲಿನ ಅಂದಾಜಿಗಿಂತ ಲಾರಿಗಳ ಸಂಖ್ಯೆ ಯಾವಾಗಲೂ ಜಾಸ್ತಿ.

ತೆಗೆದ ಟ್ಯಾಂಕ್‌ಗಳು ಇನ್ನೂ ನಿವೇಶನದಲ್ಲೇ ಇದ್ದರೆ ಅವುಗಳ ಹತ್ತಿರ ಗ್ಯಾಸ್ ಕಟರ್ ತರಲು ಯಾರಿಗೂ ಬಿಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ 1.4ರಿಂದ 7.6ರಷ್ಟು ಇದ್ದರೆ ಒಂದು ಕಿಡಿ ಸಾಕು. ಡ್ರೈ ಐಸ್ ಹಾಕಿ ಆಮ್ಲಜನಕವನ್ನು ಹೊರದೂಡಿದ ಟ್ಯಾಂಕಿನಲ್ಲೂ, ತಳದ ಕೆಸರಿನಿಂದ ಆವಿ ಮತ್ತೆ ಏಳುತ್ತದೆ, ತೂತುಗಳಿಂದ ಗಾಳಿ ಮತ್ತೆ ಒಳಸೇರುತ್ತದೆ. ಬೆಳಿಗ್ಗೆಯ ಅಳತೆ ಮಧ್ಯಾಹ್ನಕ್ಕೆ ಸಲ್ಲುವುದಿಲ್ಲ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಗುಂಡಿಯ ತಳದಲ್ಲೇ ಕೂತಿರುತ್ತದೆ. ಅಳೆಯದೆ ಯಾರನ್ನೂ ಒಳಗಿಳಿಸಬೇಡಿ.

ಪ್ರಶ್ನೆ ಕೇಳಿದವರು: ಹಳೇಬಂಕ್

ಇಬ್ಬರಿಗೂ ಕೃತಜ್ಞತೆಗಳು. ತಾವು ಹೇಳಿದಂತೆ ಗುಂಡಿ ತುಂಬುವ ಕೆಲಸವನ್ನು ನಿಲ್ಲಿಸಿ, ಆರು ಬೋರುಗಳನ್ನು ಹಾಕಿಸಿ, ಅವುಗಳಲ್ಲಿ ಮೂರನ್ನು ವೀಕ್ಷಣಾ ಬಾವಿಗಳನ್ನಾಗಿ ಮಾಡಿಸಿದೆವು. ವರದಿ ಬಂದಿದೆ, ಮೊದಲ ಉತ್ತರ ಕೊಟ್ಟವರ ಊಹೆ ನಿಜವಾಯಿತು.

ಗುಂಡಿಯ ತಳದಲ್ಲಿ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಎಂದರೆ ಮಣ್ಣಿನಲ್ಲಿ ಉಳಿದ ಪೆಟ್ರೋಲಿನ ಒಟ್ಟು ಅಂಶ, ಕಿಲೋ ಮಣ್ಣಿಗೆ 900 ಮಿಲಿಗ್ರಾಂ ಇದೆ. ಆದರೆ ಗುಂಡಿಯಿಂದ 6 ಮೀಟರ್ ಆಚೆ, ಹಳೆಯ ಕೊಳವೆಯ ಹಾದಿಯ ಕೆಳಗೆ, ಜೇಡಿ ಪದರದ ಮೇಲ್ಭಾಗದಲ್ಲಿ 5,200 ಮಿಲಿಗ್ರಾಂ ಇದ್ದು, ಅದರಲ್ಲಿ ಬೆಂಜೀನ್ 11 ಮಿಲಿಗ್ರಾಂ. ನೀರಿನ ಮಟ್ಟ ಏರಿಳಿಯುವ ವಲಯದಲ್ಲಿ 2,400 ಮಿಲಿಗ್ರಾಂ ಇದೆ. ಹತ್ತಿರದ ವೀಕ್ಷಣಾ ಬಾವಿಯ ನೀರಿನಲ್ಲಿ ಬೆಂಜೀನ್ ಲೀಟರಿಗೆ 340 ಮೈಕ್ರೋಗ್ರಾಂ. ನೀರು ಹರಿಯುವ ದಿಕ್ಕಿನಲ್ಲಿ 30 ಮೀಟರ್ ಆಚೆ 6 ಮೈಕ್ರೋಗ್ರಾಂ. ನೆರೆಯವರ ಬಾವಿಯಲ್ಲಿ ಪತ್ತೆಯಾಗಿಲ್ಲ. ತೇಲುವ ಪದರ ಯಾವ ಬಾವಿಯಲ್ಲೂ ಇಲ್ಲ. ಸೀಸ ಸಹಜ ಮಟ್ಟದಲ್ಲಿದೆ, ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕ ಇಲ್ಲ. ಮಲಿನವಾದ ಪ್ರದೇಶ ಸುಮಾರು 12 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ದಪ್ಪ ಇರಬಹುದೆಂದು ಅಂದಾಜಿಸಿದ್ದಾರೆ.

ಈಗ ಆವಿ ಹೀರುವ ವ್ಯವಸ್ಥೆಯೇ ಸರಿಯೇ? ಮೂಲೆಯ ರಾಶಿಯನ್ನು ಏನು ಮಾಡಲಿ?

ಉತ್ತರ: ಗಾಳಿಕೊಳವೆ

ಅಂಕಿಗಳು ಇದ್ದಾಗ ಮಾತು ಸುಲಭ. ಮೊದಲು ನೆಲದಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಲೆಕ್ಕ ಹಾಕೋಣ. 240 ಘನ ಮೀಟರ್ ಮಣ್ಣಿನ ತೂಕ ಸುಮಾರು 400 ಟನ್. ಸರಾಸರಿ ಕಿಲೋಗೆ 3,000 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಟ್ಟು 1,200 ಕಿಲೋ, ಎಂದರೆ 1,600 ಲೀಟರ್‌ನಷ್ಟು ಪೆಟ್ರೋಲ್ ಇನ್ನೂ ನೆಲದಲ್ಲೇ ಇದೆ. ಆ ಮಣ್ಣೆಲ್ಲ 4.5 ಮೀಟರಿಗಿಂತ ಕೆಳಗಿದ್ದು, ಅದರಲ್ಲಿ ಒಂದು ಭಾಗ ವರ್ಷದ ಕೆಲವು ತಿಂಗಳು ನೀರಿನಲ್ಲಿ ಮುಳುಗಿರುತ್ತದೆ. ಅಗೆದು ತೆಗೆಯುವುದಾದರೆ ಅದರ ಮೇಲಿನ ಒಳ್ಳೆಯ ಮಣ್ಣನ್ನೂ, ಇಳಿಜಾರಿನ ಮಣ್ಣನ್ನೂ ತೆಗೆಯಬೇಕು, ಬರುವ ನೀರನ್ನು ಪಂಪು ಮಾಡಿ ಶುದ್ಧೀಕರಿಸಬೇಕು. ಮಲಿನ ಮಣ್ಣು ಮೇಲ್ಮಟ್ಟದಲ್ಲೇ ಇದ್ದಿದ್ದರೆ ನಾನೇ ಅಗೆಯಲು ಹೇಳುತ್ತಿದ್ದೆ. ಇಲ್ಲಿ ಬೇಡ.

ಮರಳು ಮಣ್ಣಿನಲ್ಲಿರುವ ಪೆಟ್ರೋಲ್, ಆವಿ ಹೀರುವ ವ್ಯವಸ್ಥೆಗೆ ಹೇಳಿ ಮಾಡಿಸಿದಂತಿದೆ. ಜಾಲರಿ ಸೀಳುಗಳಿರುವ ಕೊಳವೆಗಳನ್ನು ಮಲಿನ ವಲಯಕ್ಕೆ ಇಳಿಸಿ, ಬ್ಲೋವರ್‌ನಿಂದ ನಿರ್ವಾತವನ್ನು ಉಂಟುಮಾಡಿದರೆ, ಮಣ್ಣಿನ ಸಂದುಗಳಲ್ಲಿ ಗಾಳಿ ಹರಿದು, ಹನಿಗಳಾಗಿ ಅಂಟಿದ ಪೆಟ್ರೋಲ್ ಆವಿಯಾಗಿ ಹೊರಬರುತ್ತದೆ. ಹಾಗೆ ಬಂದ ಗಾಳಿಯನ್ನು, ಆವಿಯನ್ನು ಹಿಡಿದಿಡುವ ಸಕ್ರಿಯ ಇಂಗಾಲದ ಡಬ್ಬಗಳ ಮೂಲಕವೋ, ಮೊದಲ ತಿಂಗಳುಗಳಲ್ಲಿ ಆವಿ ದಟ್ಟವಾಗಿದ್ದರೆ ಸುಡುವ ಘಟಕದ ಮೂಲಕವೋ ಹಾಯಿಸದೆ ಹೊರಬಿಡಬಾರದು. ನೆಲದ ಮೇಲ್ಮೈಗೆ ದಪ್ಪ ಹಾಳೆಯನ್ನೋ ಕಾಂಕ್ರೀಟನ್ನೋ ಹಾಕಿ ಮುಚ್ಚದಿದ್ದರೆ ಗಾಳಿ ಹತ್ತಿರದ ಹಾದಿಯನ್ನೇ ಹಿಡಿದು, ಮಲಿನ ಮಣ್ಣನ್ನು ಮುಟ್ಟದೆ ಬಂದುಬಿಡುತ್ತದೆ. ತೆರೆದ ಗುಂಡಿ ಹತ್ತಿರವೇ ಇರುವುದರಿಂದ ಅದನ್ನು ಹೊರಗಿನಿಂದ ತಂದ ಶುದ್ಧ ಮಣ್ಣಿನಿಂದ ತುಂಬಿದ ಮೇಲಷ್ಟೇ ಈ ಕೆಲಸ ಶುರುವಾಗಲಿ.

ಪ್ರತಿಯೊಂದು ಕೊಳವೆ ಎಷ್ಟು ದೂರದಿಂದ ಗಾಳಿ ಎಳೆಯುತ್ತದೆ ಎಂಬುದನ್ನು ಪುಸ್ತಕದಿಂದ ನಿರ್ಧರಿಸಲಾಗದು. ಮಣ್ಣಿಗೆ ತಕ್ಕಂತೆ ಅದು ಒಂದೂವರೆ ಮೀಟರಿನಿಂದ 30 ಮೀಟರಿನವರೆಗೂ ಇರಬಹುದು. ಒಂದೆರಡು ದಿನದ ಪ್ರಾಯೋಗಿಕ ಪರೀಕ್ಷೆ ಮಾಡಿಸದೆ ಪೂರ್ತಿ ವ್ಯವಸ್ಥೆಗೆ ಒಪ್ಪಿಗೆ ಕೊಡಬೇಡಿ.

ಮೊದಲ ಕೆಲವು ವಾರಗಳಲ್ಲಿ ಫಲಿತಾಂಶ ಬೆರಗು ಹುಟ್ಟಿಸುವಂತಿರುತ್ತದೆ, ಆಮೇಲೆ ರೇಖೆ ಚಪ್ಪಟೆಯಾಗುತ್ತದೆ. ಗಾಳಿ ಓಡಾಡುವ ಮರಳಿನಿಂದ ಪೆಟ್ರೋಲ್ ಹೋಗಿ, ಗಾಳಿ ನುಗ್ಗಲಾರದ ಜೇಡಿಯೊಳಗಿಂದ ಅದು ಮೆಲ್ಲಮೆಲ್ಲನೆ ಹೊರಬರುವ ಹಂತವದು. ಆಗ ಬ್ಲೋವರನ್ನು ಪೂರ್ಣ ವೇಗದಲ್ಲಿ ಓಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ವೇಗ ತಗ್ಗಿಸಿ, ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟೇ ಆಮ್ಲಜನಕ ಸಿಗುವಂತೆ ಮಾಡಿ, ಉಳಿದ ಕೆಲಸವನ್ನು ಅವುಗಳಿಗೆ ಬಿಡುವುದು ಜಾಣತನ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಕೊಳೆಯಲು ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ 12 ಅಥವಾ 13 ಘನ ಮೀಟರ್ ಗಾಳಿಯಲ್ಲಿದೆ. ಅದನ್ನೇ ನೀರಿನಲ್ಲಿ ಕರಗಿಸಿ ಕೊಡಬೇಕೆಂದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು ಬೇಕು. ಹಾಗಾಗಿಯೇ ನೀರು ಹಾಯಿಸಿ ಮಣ್ಣು ತೊಳೆಯುತ್ತೇವೆ ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಗಾಳಿ ಸಿಕ್ಕರೂ ಬ್ಯಾಕ್ಟೀರಿಯಾಗಳು ದಿನಕ್ಕೆ ಕಿಲೋ ಮಣ್ಣಿನಲ್ಲಿ 2ರಿಂದ 20 ಮಿಲಿಗ್ರಾಂನಷ್ಟನ್ನೇ ಸಾಮಾನ್ಯವಾಗಿ ಕೊಳೆಸುತ್ತವೆ. ಒಟ್ಟು ಆರು ತಿಂಗಳಿನಿಂದ ಎರಡು ವರ್ಷ ಹಿಡಿಯುತ್ತದೆ ಎಂದು ಲೆಕ್ಕವಿಟ್ಟುಕೊಳ್ಳಿ.

ಮೂಲೆಯ ರಾಶಿಯನ್ನು ಸಾಗಿಸುವ ಅಗತ್ಯವಿಲ್ಲ. ಅದನ್ನು ಅಲ್ಲೇ ಜೈವಿಕ ರಾಶಿಯಾಗಿ ಮಾಡಬಹುದು. ಕೆಳಗೆ ನೀರು ಇಳಿಯದ ಹಾಳೆ, ಅದರ ಮೇಲೆ ತೂತುಕೊಳವೆಗಳು, ಮೇಲೆ ಮೂರು ಮೀಟರ್ ಮೀರದ ಎತ್ತರಕ್ಕೆ ಮಣ್ಣು, ಅದರ ಮೇಲೆ ಮತ್ತೊಂದು ಹಾಳೆ. ಕೊಳವೆಗಳ ಮೂಲಕ ಗಾಳಿಯನ್ನು ಎಳೆದು ಇಂಗಾಲದ ಡಬ್ಬಕ್ಕೆ ಬಿಡಬೇಕು. ಇಂಗಾಲ, ಸಾರಜನಕ, ರಂಜಕಗಳು 100:10:1ರ ಆಸುಪಾಸಿನಲ್ಲಿ ಇರುವಂತೆ ಗೊಬ್ಬರ ಕೊಡಬೇಕು, ಆಮ್ಲ-ಕ್ಷಾರ ಮಾನ 6ರಿಂದ 8ರೊಳಗೆ ಇರಬೇಕು. ಹಿಂಡಿದರೆ ನೀರು ಬರುವಷ್ಟು ಒದ್ದೆಯೂ ಬೇಡ, ದೂಳಾಗುವಷ್ಟು ಒಣಗುವುದೂ ಬೇಡ. ವಿಶೇಷ ಬ್ಯಾಕ್ಟೀರಿಯಾ ಎಂದು ಮಾರುವ ಪುಡಿಗಳ ಬಗ್ಗೆ ಕೇಳಿದರೆ, ಹತ್ತು ವರ್ಷ ಪೆಟ್ರೋಲ್ ಕುಡಿದ ಮಣ್ಣಿನಲ್ಲಿ ಅದನ್ನು ತಿನ್ನಬಲ್ಲ ಜೀವಿಗಳು ಆಗಲೇ ಧಾರಾಳವಾಗಿ ಇರುತ್ತವೆ; ಅವುಗಳಿಗಿಲ್ಲದ್ದು ಗಾಳಿ.

ಉತ್ತರ: ಅಂತರ್ಜಲ

ಗಾಳಿಕೊಳವೆಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ನೀರಿನ ಕಡೆಯಿಂದ ಕೆಲವನ್ನು ಸೇರಿಸಬೇಕಾಗಿದೆ.

ಅವರ ವ್ಯವಸ್ಥೆ ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣನ್ನಷ್ಟೇ ಶುದ್ಧಗೊಳಿಸುತ್ತದೆ. ಹಾಗಾಗಿ ಕೊಳವೆಗಳ ಸೀಳುಗಳು 6.5 ಮೀಟರ್‌ವರೆಗೂ ಇಳಿದಿರಬೇಕು, ಮತ್ತು ನೀರು ಕೆಳಗಿರುವ ಬೇಸಿಗೆಯ ತಿಂಗಳುಗಳನ್ನು ಒಂದು ದಿನವೂ ವ್ಯರ್ಥ ಮಾಡಬಾರದು. ಮಳೆಗಾಲದಲ್ಲಿ ಅದೇ ವಲಯ ಮುಳುಗಿ ಕೈಗೆ ಸಿಗುವುದಿಲ್ಲ. ಮುಳುಗಿದ ಭಾಗಕ್ಕೆ ನೀರಿನಡಿಯಿಂದ ಗಾಳಿ ಊದುವ ಕ್ರಮವೊಂದಿದೆ. ಸಲಹೆಗಾರರು ಅದನ್ನು ಸೂಚಿಸಿದರೆ ತಾವು ಜೇಡಿ ಪದರವನ್ನು ನೆನಪಿಸಬೇಕು. ಕೆಳಗಿನಿಂದ ಏಳುವ ಗುಳ್ಳೆಗಳು ಆ ಪದರಕ್ಕೆ ತಡೆದು, ಆವಿಯನ್ನೂ ಹೊತ್ತುಕೊಂಡು ಪಕ್ಕಕ್ಕೆ, ಯಾರದೋ ಚರಂಡಿಗೋ ನೆಲಮಾಳಿಗೆಗೋ ಸಾಗುವ ಅಪಾಯವಿದೆ. ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉತ್ಕರ್ಷಕಗಳನ್ನು ನೆಲಕ್ಕೆ ಚುಚ್ಚುವ ಸಲಹೆಯೂ ಬರಬಹುದು. ಹನಿಗಳಾಗಿ ಪೆಟ್ರೋಲ್ ಉಳಿದಿರುವ ಕಡೆ ಅದು ಶಾಖವನ್ನೂ ಅನಿಲವನ್ನೂ ಉಂಟುಮಾಡುತ್ತದೆ. ನಾನಾದರೆ ಅದನ್ನು ಕೊನೆಯಲ್ಲಿ, ಅತಿ ಕಡಿಮೆ ಉಳಿದಾಗ ಮಾತ್ರ ಯೋಚಿಸುತ್ತೇನೆ.

ಹಾಗೇ ಬಿಡಿ ಎಂದ ಮೂರನೆಯ ಸಲಹೆಗಾರರನ್ನು ಪೂರ್ತಿ ತಳ್ಳಿಹಾಕಬೇಡಿ. ನೀರಿನಲ್ಲಿ 340 ಮೈಕ್ರೋಗ್ರಾಂ ಇದ್ದ ಬೆಂಜೀನ್ 30 ಮೀಟರಿನಲ್ಲಿ 6ಕ್ಕೆ ಇಳಿದಿದೆ ಎಂದರೆ ನೆಲ ಆಗಲೇ ಕೆಲಸ ಮಾಡುತ್ತಿರಬಹುದು. ಕ್ಯಾಲಿಫೋರ್ನಿಯಾದ ಸೋರಿದ ಟ್ಯಾಂಕ್‌ಗಳ ಬಗ್ಗೆ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಕಡೆ ಬೆಂಜೀನ್ ಬೆರೆತ ನೀರಿನ ಹರವು 75 ಮೀಟರಿನೊಳಗೇ ನಿಂತಿತ್ತು. ನೆರೆಯವರ ಬಾವಿ 60 ಮೀಟರಿನಲ್ಲಿದೆ ಎಂಬುದನ್ನು ನೆನೆದರೆ ಇದರಿಂದ ಪೂರ್ತಿ ಸಮಾಧಾನ ಪಡುವಂತಿಲ್ಲ. ಬ್ಯಾಕ್ಟೀರಿಯಾಗಳು ಮೊದಲು ಕರಗಿದ ಆಮ್ಲಜನಕವನ್ನು, ಅದು ತೀರಿದ ಮೇಲೆ ನೈಟ್ರೇಟ್, ಕಬ್ಬಿಣ, ಸಲ್ಫೇಟ್‌ಗಳನ್ನು ಬಳಸುತ್ತವೆ, ಕೊನೆಗೆ ಮೀಥೇನ್ ಹುಟ್ಟುತ್ತದೆ. ಬಾವಿಗಳ ನೀರಿನಲ್ಲಿ ಇವನ್ನೂ ಅಳೆಸಿದರೆ, ಬೆಂಜೀನ್ ನಿಜವಾಗಿ ಕೊಳೆಯುತ್ತಿದೆಯೋ ಅಥವಾ ಬರೀ ತೆಳುವಾಗುತ್ತಿದೆಯೋ ಎಂಬುದು ತಿಳಿಯುತ್ತದೆ. ಬಂಕ್ ಕೊನೆಯ ವರ್ಷಗಳಲ್ಲಿ ಎಥನಾಲ್ ಬೆರೆತ ಪೆಟ್ರೋಲ್ ಮಾರಿದ್ದರೆ ಇನ್ನೊಂದು ತೊಡಕಿದೆ: ಬ್ಯಾಕ್ಟೀರಿಯಾಗಳು ಎಥನಾಲನ್ನೇ ಮೊದಲು ತಿಂದು ಆಮ್ಲಜನಕವನ್ನು ಮುಗಿಸುವುದರಿಂದ ಬೆಂಜೀನ್ ಹೆಚ್ಚು ದೂರ ಸಾಗುತ್ತದೆ.

ಎಂಟಿಬಿಇ ಇಲ್ಲ ಎಂಬುದನ್ನು ದೊಡ್ಡ ಅದೃಷ್ಟವೆಂದೇ ತಿಳಿಯಿರಿ. ಅದು ನೀರಿನಲ್ಲಿ ಬೆಂಜೀನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ ತನ್ನ ಕುಡಿಯುವ ನೀರಿನ ಹಲವು ಬಾವಿಗಳನ್ನು ಮುಚ್ಚಬೇಕಾಗಿ ಬಂದದ್ದು ಅದರಿಂದಲೇ.

ಈಗ ನೆಲಮಾಳಿಗೆಯ ವಿಷಯ. ಇಲ್ಲಿಯವರೆಗೆ ಯಾರೂ ಇದನ್ನು ಮುಟ್ಟಿಲ್ಲ, ನನಗಂತೂ ತಮ್ಮ ಯೋಜನೆಯಲ್ಲಿ ಅತ್ಯಂತ ಕಳವಳ ತರುವ ಅಂಶ ಇದೇ. ಪೆಟ್ರೋಲ್ ಆವಿ ಮೇಲೇರುವಾಗ, ದಾರಿಯಲ್ಲಿ ಆಮ್ಲಜನಕವಿರುವ ಶುದ್ಧ ಮಣ್ಣು ಸಾಕಷ್ಟು ಸಿಕ್ಕರೆ ಅಲ್ಲೇ ಕೊಳೆತುಹೋಗುತ್ತದೆ. ಎಷ್ಟು ಸಾಕು ಎಂಬುದಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗದರ್ಶನದ ಪ್ರಕಾರ, ಕಟ್ಟಡದ ತಳಕ್ಕೂ ಕರಗಿದ ಮಾಲಿನ್ಯವಿರುವ ನೀರಿಗೂ ನಡುವೆ 6 ಅಡಿ, ಹನಿಗಳಾಗಿ ಉಳಿದ ಪೆಟ್ರೋಲಿಗೂ ಕಟ್ಟಡಕ್ಕೂ ನಡುವೆ 15 ಅಡಿ ಅಂತರ ಬೇಕು. ತಮ್ಮ ನೆಲಮಾಳಿಗೆಯ ತಳ 3 ಮೀಟರಿನಲ್ಲಿದ್ದರೆ, ಮಳೆಗಾಲದ ನೀರು ಅದಕ್ಕಿಂತ 2.2 ಮೀಟರ್ ಕೆಳಗೆ; ಇದು ಹೇಗೋ ದಾಟುತ್ತದೆ. ಆದರೆ ಜೇಡಿಯ ಮೇಲಿನ ಪೆಟ್ರೋಲ್ ಇರುವುದು ಒಂದೂವರೆ, ಎರಡು ಮೀಟರ್ ಕೆಳಗೆ; ಬೇಕಾದದ್ದು ನಾಲ್ಕೂವರೆ ಮೀಟರ್. ಆ ಪದರ ಶುದ್ಧವಾಗಿ, ಮಣ್ಣಿನ ಗಾಳಿಯ ಪರೀಕ್ಷೆ ಮುಗಿಯುವ ತನಕ ನೆಲಮಾಳಿಗೆಯ ನಕ್ಷೆಯನ್ನು ಮಡಿಸಿಡಿ, ಅಥವಾ ಮನೆಯನ್ನು ನಿವೇಶನದ ಇನ್ನೊಂದು ಪಕ್ಕಕ್ಕೆ ಸರಿಸಿ.

ವ್ಯವಸ್ಥೆ ನಿಲ್ಲಿಸಿದ ದಿನದ ಅಳತೆಯನ್ನು ಕೆಲಸ ಮುಗಿದದ್ದಕ್ಕೆ ಸಾಕ್ಷಿ ಎಂದು ಒಪ್ಪಬೇಡಿ. ಬ್ಲೋವರ್ ನಿಂತು ಕೆಲವು ತಿಂಗಳ ಬಳಿಕ, ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆದ ಮೇಲೆ ಮತ್ತೆ ಅಳೆಯಬೇಕು. ಜೇಡಿಯೊಳಗೆ ಅಡಗಿದ್ದದ್ದು ಆಗ ಮರಳಿ ಕಾಣಿಸಿಕೊಳ್ಳುತ್ತದೆ. ಒಪ್ಪಂದದಲ್ಲೇ ಈ ಮಾತನ್ನು ಬರೆಸಿ.

ಪ್ರಶ್ನೆ ಕೇಳಿದವರು: ಹಳೇಬಂಕ್

ನೆಲಮಾಳಿಗೆಯನ್ನು ಕೈಬಿಡಲು ಅಣ್ಣನನ್ನು ಒಪ್ಪಿಸಿದ್ದೇನೆ. ಅದು ಬೋರು ಹಾಕಿಸುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ಆವಿ ಹೀರುವ ಪ್ರಾಯೋಗಿಕ ಪರೀಕ್ಷೆಗೆ ಮುಂದಿನ ವಾರ ಬರುತ್ತಾರೆ. ಆದರೆ ಗುಂಡಿ ತುಂಬಲು ಶುದ್ಧ ಮಣ್ಣು ಬರುವುದು ಇನ್ನೂ ನಾಲ್ಕು ದಿನ ತಡ, ಮೋಡ ಕಟ್ಟಿದೆ. ಈ ನಡುವೆ ಮಳೆ ಬಂದರೆ ಏನು ಮಾಡಲಿ?

ಉತ್ತರ: ಎರಡುಸಲಅಗೆದವ

ಇದನ್ನು ಅನುಭವದಿಂದಲೇ ಹೇಳಬಲ್ಲೆ. ಇವತ್ತೇ ಗುಂಡಿಯ ಸುತ್ತ ಒಂದಡಿ ಎತ್ತರದ ಮಣ್ಣಿನ ಏರಿ ಹಾಕಿಸಿ, ಹೊರಗಿನ ನೀರು ಒಳಗೆ ಬರದಂತೆ ಮಾಡಿ. ಏರಿಗೆ ಗುಂಡಿಯ ಮಣ್ಣನ್ನು ಬಳಸಬೇಡಿ. ರಾಶಿಯ ಮೇಲೂ ಕೆಳಗೂ ಟಾರ್ಪಾಲು ಇರಲಿ, ಅಂಚುಗಳ ಮೇಲೆ ಭಾರ ಇಡಿಸಿ. ಗುಂಡಿಯಲ್ಲಿ ನೀರು ನಿಂತರೆ ಅದನ್ನು ಚರಂಡಿಗೆ ಪಂಪು ಮಾಡುವವರು ಖಂಡಿತ ಬರುತ್ತಾರೆ, ಬಿಡಬೇಡಿ. ಮುಚ್ಚಳವಿರುವ ತೊಟ್ಟಿಗೆ ತುಂಬಿಸಿ, ಪರೀಕ್ಷಿಸಿ, ಇಂಗಾಲದ ಮೂಲಕ ಹಾಯಿಸಿದ ಮೇಲೆಯೇ ಹೊರಬಿಡಿ. ಮೋಟಾರು ಕಿಡಿ ಹಾರದಂಥದ್ದಾಗಿರಲಿ, ಅದೂ ಗುಂಡಿಯ ತಳದಲ್ಲಿ ಬೇಡ, ಮೇಲೆ ಗಾಳಿ ಬರುವ ಕಡೆ ಇಟ್ಟು ಹೀರುಕೊಳವೆಯನ್ನಷ್ಟೇ ಇಳಿಸಿ. ರಾತ್ರಿಯ ಹೊತ್ತು ಬೇಲಿಗೆ ದೀಪ ಮತ್ತು ಫಲಕ ಇರಲಿ. ನಮ್ಮಲ್ಲಿ ಒಂದು ಕರು ಬಿದ್ದಿತ್ತು.